ಅಂಗನವಾಡಿಯ ಬೆಳಗಿನ ಹೊತ್ತು: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶುರುವಾಯಿತು. ಮೈಸೂರು ಜಿಲ್ಲೆಯ ಟಿ. ನರಸೀಪುರ ಅವುಗಳಲ್ಲೊಂದು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆಗಳ ಜೊತೆ ಶಾಲಾಪೂರ್ವ ಶಿಕ್ಷಣವೂ ಯೋಜನೆಯ ಆರು ಸೇವೆಗಳಲ್ಲಿ ಸೇರಿದೆ. ಹೊತ್ತು ಸಾಲದಾದಾಗ ಮೊದಲು ಕೈಬಿಟ್ಟುಹೋಗುವುದು ಅದೇ.

ಇದು ಕಾರ್ಯಕರ್ತೆಯ ಅಸಡ್ಡೆಯಿಂದ ಆಗುವುದಲ್ಲ. ದಾಸ್ತಾನಿನ ಲೆಕ್ಕ, ಮಕ್ಕಳ ತೂಕ, ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ ತುಂಬುವುದು, ಮನೆಭೇಟಿ, 2017ರಿಂದ ಗರ್ಭಿಣಿ-ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಊಟ, ನಡುವೆ ಮತದಾರರ ಪಟ್ಟಿ, ಸಮೀಕ್ಷೆ: ಎಲ್ಲವೂ ಒಬ್ಬಳ ಮೇಲೆ. ಇವುಗಳಲ್ಲಿ ಯಾವುದು ತಪ್ಪಿದರೂ ಅಂದೇ ಗೊತ್ತಾಗುತ್ತದೆ. ಆದರೆ ಕಥೆ ಹೇಳದೆ ಕಳೆದ ಬೆಳಗಿನ ನಷ್ಟ ತಿಳಿಯುವುದು ಒಂದನೇ ತರಗತಿಯಲ್ಲೇ.

ಶಾಲೆಗೆ ಸಿದ್ಧಗೊಳಿಸುವುದೆಂದರೆ ಅಕ್ಷರ ತಿದ್ದಿಸುವುದಷ್ಟೇ ಅಲ್ಲ. ಹಾಡು, ಆಟ, ಚಿತ್ರ ತೋರಿಸಿ ಮಾತಾಡಿಸುವುದು, ಕಾಳು ಎಣಿಸುವುದು, ಸರದಿಗೆ ಕಾಯುವುದು ಎಲ್ಲವೂ ಅದರಲ್ಲಿವೆ. ರಾಜ್ಯದ ಅಂಗನವಾಡಿಗಳಿಗೆಂದು ರೂಪಿಸಿದ ‘ಚಿಲಿಪಿಲಿ’ ಶಾಲಾಪೂರ್ವ ಚಟುವಟಿಕೆಗಳ ಜೀವಾಳವೂ ಇದೇ. ಮನೆಯಲ್ಲಿ ಲಂಬಾಣಿ, ತುಳು ಅಥವಾ ಉರ್ದು ಆಡುವ ಎಷ್ಟೋ ಮಕ್ಕಳಿಗೆ ಕನ್ನಡ ಕಲಿಯುವ ಮೊದಲ ಜಾಗ ಅಂಗನವಾಡಿ. ಅಂಥ ಮಗು ಮೊದಲು ಮನೆಮಾತಿನಲ್ಲೇ ಉತ್ತರಿಸುತ್ತದೆ. ಅದನ್ನು ಕೇಳಿಸಿಕೊಂಡು ಕನ್ನಡದಲ್ಲಿ ಮಾತು ಮುಂದುವರಿಸಲು ದೊಡ್ಡವರೊಬ್ಬರು ಎದುರಿಗೆ ಕೂತಿರಲೇಬೇಕು. ಈ ಕೆಲಸ ಫೋನಿನಲ್ಲಿ ಮಾಹಿತಿ ತುಂಬುತ್ತಾ ಆಗುವಂಥದ್ದಲ್ಲ.

2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರ ಬಂದಾಗ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಪ್ರತಿಭಟಿಸಿದರು. ಮಕ್ಕಳು ಶಾಲೆಗೆ ಹೋದರೆ ಅಂಗನವಾಡಿ ಬರಿದಾಗುತ್ತದೆ ಎಂಬ ಅವರ ಆತಂಕ ನ್ಯಾಯವಾದದ್ದು. ಅಂಗನವಾಡಿಯಲ್ಲೇ ಆ ತರಗತಿಗಳು ನಡೆಯಬೇಕೆಂಬ ಅವರ ಬೇಡಿಕೆ ಸರಿಯಾದ ದಾರಿಯೂ ಹೌದು: ಊಟ, ತೂಕ, ಆಟ, ಪಾಠ ಒಂದೇ ಸೂರಿನಡಿ, ಮನೆಯ ಹತ್ತಿರವೇ ಸಿಗುತ್ತವೆ. ಆದರೆ ತರಗತಿಯ ಹೆಸರಷ್ಟೇ ಬದಲಾಗಿ ಕಲಿಸಲು ಸಿಗುವ ಹೊತ್ತು ಮೊದಲಿನಷ್ಟೇ ಉಳಿದರೆ ಮಗುವಿಗೆ ದಕ್ಕುವುದು ಏನೂ ಇಲ್ಲ.

2022ರ ಏಪ್ರಿಲ್‌ನಲ್ಲಿ ಕಾರ್ಯಕರ್ತೆಯರು, ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರೆಂದ ಸುಪ್ರೀಂ ಕೋರ್ಟ್, ಅವರು ನಡೆಸುವ ಶಾಲಾಪೂರ್ವ ಶಿಕ್ಷಣವನ್ನೂ ಪರಿಗಣಿಸಿತ್ತು. ಶಿಕ್ಷಕಿಗೆ ತಕ್ಕ ಗೌರವಧನ ಮತ್ತು ತರಬೇತಿ ಆ ಮಾತಿನ ಸಹಜ ಮುಂದುವರಿಕೆ. ಅದಕ್ಕಿಂತ ಬೇಗ ಆಗಬಹುದಾದದ್ದು ಒಂದಿದೆ. ಬೆಳಗಿನ ಹೊತ್ತು ಮೂರು ಗಂಟೆಗಳ ಕಾಲ ಸಭೆ, ಸಮೀಕ್ಷೆ, ಮಾಹಿತಿ ತುಂಬುವ ಕೆಲಸ ಯಾವುದನ್ನೂ ಕಾರ್ಯಕರ್ತೆಗೆ ವಹಿಸಬಾರದೆಂದು ಇಲಾಖೆ ಆದೇಶ ಹೊರಡಿಸಬೇಕು, ಮಕ್ಕಳು ಹೆಚ್ಚಿರುವ ಕೇಂದ್ರಗಳಿಗೆ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಡಬೇಕು.

ಇಂತಿ,
ಅಂಗನವಾಡಿ ಮಕ್ಕಳ ಹಿತ ಬಯಸುವ ನಾಗರಿಕರು