ಕೋಳಿಮನೆಯ ಬಾಗಿಲು ಕಾಯುವ ಖರ್ಚು ಯಾರದು?

ಮಹಾರಾಷ್ಟ್ರದ ನವಾಪುರದಲ್ಲಿ 2006ರ ಫೆಬ್ರುವರಿಯಲ್ಲಿ ದೇಶದ ಮೊದಲ ಹಕ್ಕಿಜ್ವರ ಪತ್ತೆಯಾಯಿತು. ಅನಂತರ ಅದು ನಮ್ಮ ರಾಜ್ಯವನ್ನೂ ಬಿಡಲಿಲ್ಲ. 2012ರಲ್ಲಿ ಬೆಂಗಳೂರಿನ ಮಗ್ಗುಲಿನ ಹೆಸರಘಟ್ಟ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆ, 2025ರಲ್ಲಿ ಚಿಕ್ಕಬಳ್ಳಾಪುರ. ಪ್ರತಿ ಸಲವೂ ಕೋಳಿಗಳನ್ನು ಕೊಂದು ಹೂಳುವುದು, ಸಾಕಣೆದಾರರು ಜೈವಿಕ ಸುರಕ್ಷತೆ ಪಾಲಿಸಬೇಕೆಂದು ಉಪದೇಶಿಸುವುದು ನಡೆದೇ ಇದೆ. ಹೆಸರಘಟ್ಟದಲ್ಲಿ ರೋಗ ಹೊಕ್ಕಿದ್ದು ಕೇಂದ್ರ ಸರ್ಕಾರದ್ದೇ ಕುಕ್ಕುಟ ಕೇಂದ್ರಕ್ಕೆ. ಆದ್ದರಿಂದ ರೈತರ ಅಜ್ಞಾನವೇ ಎಲ್ಲಕ್ಕೂ ಕಾರಣವೆಂಬ ವಾದವನ್ನು ನಾನು ಒಪ್ಪಲಾರೆ.

ಬ್ರಾಯ್ಲರ್ ಸಾಕಣೆಯ ಬಹುಪಾಲು ಇಂದು ನಡೆಯುವುದು ಗುತ್ತಿಗೆಯಲ್ಲಿ. ಮರಿ, ಮೇವು, ಔಷಧ ಕಂಪನಿಯವು. ಶೆಡ್ಡು, ನೀರು, ವಿದ್ಯುತ್ತು, ದುಡಿಮೆ ರೈತನವು. ಸುಮಾರು ನಲವತ್ತು ದಿನಗಳಲ್ಲಿ ಎರಡು ಕಿಲೋ ತೂಗುವ ಕೋಳಿಗೆ ಅವನಿಗೆ ಸಿಗುವುದು ಕಿಲೋ ಲೆಕ್ಕದ ಸಾಕಣೆ ಕೂಲಿ. ಬಾಗಿಲಲ್ಲಿ ಕ್ರಿಮಿನಾಶಕದ ತೊಟ್ಟಿ, ಸುತ್ತ ಬೇಲಿ, ಪ್ರತ್ಯೇಕ ಪಾದರಕ್ಷೆ ಇವನ್ನೆಲ್ಲ ಅವನು ಸಾಲ ಮಾಡಿಯಾದರೂ ಹೊಂದಿಸಬಹುದು. ಆದರೆ ಕೋಳಿ ಹಿಡಿಯುವ ತಂಡ ಹಿಂದಿನ ರಾತ್ರಿ ಯಾವ ಊರಿನ ಶೆಡ್ಡಿನಲ್ಲಿತ್ತು, ಲಾರಿಯಿಂದಿಳಿದ ಪಂಜರಗಳಿಗೆ ಯಾವ ಮಾರುಕಟ್ಟೆಯ ಹಿಕ್ಕೆ ಅಂಟಿದೆ ಎಂಬುದು ಅವನ ಕೈಯಲ್ಲಿಲ್ಲ. ಒಂದೇ ಶೆಡ್ಡನ್ನು ಒಮ್ಮೆಗೇ ಬರಿದು ಮಾಡುವ ಬದಲು ಬೇಡಿಕೆಗೆ ತಕ್ಕಂತೆ ಮೂರು ನಾಲ್ಕು ಕಂತುಗಳಲ್ಲಿ ಒಯ್ದರಂತೂ ಅಪಾಯ ಅಷ್ಟೇ ಸಲ ಒಳಬರುತ್ತದೆ.

ಒಂದು ತಂಡದ ಕೋಳಿಗಳು ಹೋದ ಮೇಲೆ ಶೆಡ್ಡನ್ನು ತೊಳೆದು, ಸುಣ್ಣ ಬಳಿದು, ಎರಡು ವಾರ ಖಾಲಿ ಬಿಡಬೇಕೆನ್ನುತ್ತಾರೆ ಪಶುವೈದ್ಯರು. ಇದು ಬಹುಶಃ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಫಲಕಾರಿ ಕ್ರಮ. ಅಗ್ಗ, ಆದರೆ ಯಾರಿಗೆ? ಖಾಲಿ ಶೆಡ್ಡಿಗೆ ಕೂಲಿಯಿಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಶುಚಿತ್ವ ಹಿಂದೆ ಸರಿದಲ್ಲಿ ಔಷಧ ಮುಂದೆ ಬರುತ್ತದೆ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಕೋಳಿ ಮೇವಿನಲ್ಲಿ ಬಳಸದಂತೆ 2019ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಬೇಕಾಯಿತು. ನಗರದಲ್ಲಿ ಕುಳಿತು ಕೋಳಿ ತಿನ್ನುವ, ತಿನ್ನದ ಎಲ್ಲರಿಗೂ ಸಂಬಂಧಿಸಿದ ಸಂಗತಿಯಿದು.

2018ರಲ್ಲಿ ಕೇಂದ್ರ ರೂಪಿಸಿದ ಮಾದರಿ ಗುತ್ತಿಗೆ ಕೃಷಿ ಕಾಯ್ದೆಯ ವ್ಯಾಪ್ತಿಗೆ ಜಾನುವಾರು, ಕೋಳಿಗಳೂ ಸೇರಿದ್ದವು. ರಾಜ್ಯ ಸರ್ಕಾರ ಆ ಜಾಡಿನಲ್ಲಿ ಯೋಚಿಸುವುದಾದರೆ ಕರಾರುಪತ್ರದಲ್ಲೇ ಮೂರು ಮಾತು ಕಡ್ಡಾಯವಾಗಲಿ: ಖಾಲಿ ದಿನಗಳಿಗೆ ಕಂಪನಿಯಿಂದ ನಿಗದಿತ ಭತ್ಯೆ, ಲಾರಿ ಮತ್ತು ಪಂಜರಗಳನ್ನು ತೊಳೆಸಿದ ದಾಖಲೆ, ತೊಳೆಯದ ವಾಹನವನ್ನು ಗೇಟಿನಲ್ಲೇ ತಡೆಯುವ ಹಕ್ಕು ರೈತನಿಗೆ. ಇದರಿಂದ ಕೋಳಿಮಾಂಸದ ಬೆಲೆ ಕೊಂಚ ಏರಬಹುದು. ಏರಲಿ.