ನೀತಿಪಾಠಕ್ಕೆ ಮೊದಲು ಕೂರಬೇಕಾದವರು

ಶಾಲೆಗಳಲ್ಲಿ ನೈತಿಕ ಶಿಕ್ಷಣ ಬೇಕು ಎಂಬ ಮಾತಿಗೆ ನಮ್ಮಲ್ಲಿ ವಿರೋಧವೇ ಇಲ್ಲ. ಸರ್ಕಾರ ಬದಲಾದರೂ ಪ್ರಸ್ತಾವ ಬದಲಾಗುವುದಿಲ್ಲ. ಯಾವ ಗ್ರಂಥ ಸೇರಬೇಕು, ಯಾವ ಮಹಾಪುರುಷರ ಕಥೆ ಇರಬೇಕು ಎಂಬ ಜಗಳವಷ್ಟೇ ಬದಲಾಗುತ್ತದೆ. 2023ರ ಜನವರಿಯಲ್ಲಿ ಅಂದಿನ ಶಿಕ್ಷಣ ಸಚಿವರು ಮಠಾಧೀಶರನ್ನೂ ಧರ್ಮಗುರುಗಳನ್ನೂ ಶಿಕ್ಷಣ ತಜ್ಞರನ್ನೂ ಬೆಂಗಳೂರಿನಲ್ಲಿ ಸೇರಿಸಿ ಸಮಾಲೋಚನೆ ನಡೆಸಿದ್ದು ಈ ವಿಷಯಕ್ಕೇ. ಹಿಂದಕ್ಕೆ ಹೋದರೆ 1959ರಲ್ಲಿ ನೇಮಕಗೊಂಡ ಶ್ರೀಪ್ರಕಾಶ ಸಮಿತಿ, 1964–66ರ ಕೊಠಾರಿ ಆಯೋಗ, 1999ರಲ್ಲಿ ವರದಿ ಕೊಟ್ಟ ಎಸ್‌.ಬಿ. ಚವಾಣ್ ನೇತೃತ್ವದ ಸಂಸದೀಯ ಸಮಿತಿ, 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಎಲ್ಲವೂ ಮಕ್ಕಳಲ್ಲಿ ಮೌಲ್ಯ ಬೆಳೆಸಬೇಕೆಂದೇ ಹೇಳಿವೆ. ಚವಾಣ್ ಸಮಿತಿಯಂತೂ ಸತ್ಯ, ಧರ್ಮ, ಶಾಂತಿ, ಪ್ರೇಮ, ಅಹಿಂಸೆ ಎಂದು ಐದನ್ನು ಹೆಸರಿಸಿಯೇ ಬಿಟ್ಟಿತು. ಸರ್ಕಾರಿ ಶಾಲೆಯಲ್ಲಿ ಇದು ಧರ್ಮಬೋಧನೆ ಆಗುವುದಿಲ್ಲವೇ ಎಂಬ ತಕರಾರು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಧರ್ಮ ಬೋಧಿಸುವುದು ಬೇರೆ, ಮೊದಲನೆಯದಕ್ಕೆ ಸಂವಿಧಾನದ 28ನೇ ವಿಧಿ ಅಡ್ಡಿಯಲ್ಲ ಎಂದು 2002ರ ಅರುಣಾ ರಾಯ್ ಪ್ರಕರಣದಲ್ಲಿ ತೀರ್ಪೂ ಬಂತು.

ಇಷ್ಟು ದೀರ್ಘ ಚರ್ಚೆಯಲ್ಲಿ ‘ಮಕ್ಕಳಿಗೆ ಏನು ಕಲಿಸಬೇಕು’ ಎಂದು ಎಲ್ಲರೂ ಕೇಳಿದರು. ‘ದೊಡ್ಡವರಾದ ನಾವು ದಿನವೂ ಏನನ್ನು ಕಲಿಸುತ್ತಿದ್ದೇವೆ’ ಎಂದು ಕೇಳಿದವರು ಕಡಿಮೆ.

ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿರುವ ರಾಜಕೋಟೆಯ ಪ್ರಸಂಗ ನಮ್ಮ ನೀತಿಪಾಠಗಳಿಗೆ ಹೊಸದಲ್ಲ. ಹೈಸ್ಕೂಲಿನ ಮೊದಲ ವರ್ಷ. ತಪಾಸಣೆಗೆ ಬಂದ ಗೈಲ್ಸ್ ಎಂಬ ಇನ್‌ಸ್ಪೆಕ್ಟರು ಐದು ಇಂಗ್ಲಿಷ್ ಪದಗಳನ್ನು ಬರೆಸುತ್ತಾರೆ. ಮೋಹನದಾಸನಿಗೆ ‘ಕೆಟಲ್’ ತಪ್ಪುತ್ತದೆ. ಪಕ್ಕದವನ ಸ್ಲೇಟು ನೋಡಿ ತಿದ್ದಿಕೋ ಎಂದು ಮೇಷ್ಟ್ರು ಬೂಟಿನ ತುದಿಯಿಂದ ಸನ್ನೆ ಮಾಡುತ್ತಾರೆ. ಹುಡುಗನಿಗೆ ಅದು ಹೊಳೆಯುವುದೇ ಇಲ್ಲ. ನಕಲು ಮಾಡದಂತೆ ಕಾಯಲು ಮೇಷ್ಟ್ರು ಅಲ್ಲಿದ್ದಾರೆಂದು ಅವನು ನಂಬಿರುತ್ತಾನೆ. ಉಳಿದ ಹುಡುಗರೆಲ್ಲರದೂ ಐದಕ್ಕೆ ಐದು ಸರಿ. ಈ ಕಥೆ ಹೇಳುವಾಗ ನಾವು ಹುಡುಗನನ್ನು ಮೆಚ್ಚಿ ಮುಂದೆ ಹೋಗುತ್ತೇವೆ, ಮೇಷ್ಟ್ರ ಬಗ್ಗೆ ಮಾತಾಡುವುದಿಲ್ಲ. ಅವರೇನೂ ದುಷ್ಟರಾಗಿರಲಿಕ್ಕಿಲ್ಲ. ಮೇಲಧಿಕಾರಿಯ ಎದುರು ತರಗತಿಯ ಮರ್ಯಾದೆ ಉಳಿಯಲಿ ಎಂಬ ಚಿಂತೆ ಇದ್ದಿರಬೇಕು, ಅಷ್ಟೆ. ಆದರೆ ಆ ದಿನ ಆ ಕೋಣೆಯಲ್ಲಿ ನಡೆದ ನೀತಿಪಾಠ ಬೂಟಿನ ತುದಿಯದೇ.

ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೇ ನೋಡಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿ.ಸಿ. ಟಿ.ವಿ. ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಲಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಕುಸಿತಕ್ಕೆ ನಕಲೊಂದೇ ಕಾರಣ ಎನ್ನುವುದು ಅನ್ಯಾಯ; ಕಲಿಕೆಯ ಕೊರತೆ, ಶಿಕ್ಷಕರ ಕೊರತೆ ಎಲ್ಲವೂ ಇವೆ. ಆದರೂ ಕ್ಯಾಮೆರಾ ಬಂದ ವರ್ಷವೇ ಕೊಠಡಿಯ ನಿಜ ಇಷ್ಟು ಬೇರೆಯಾಗಿ ಕಂಡದ್ದೇಕೆ ಎಂದು ಕೇಳಿಕೊಳ್ಳಲೇಬೇಕು. ನಿಜ ಕಂಡಾಗ ವ್ಯವಸ್ಥೆಗೆ ಮೊದಲು ಹೊಳೆದದ್ದು ಕೃಪಾಂಕದ ತೇಪೆ. ಮುಖ್ಯಮಂತ್ರಿಯವರೇ ಅಸಮಾಧಾನ ತೋರಿದ ಬಳಿಕ ಮರುವರ್ಷ ಅದನ್ನು ಕೈಬಿಟ್ಟದ್ದು ಸರಿಯಾದ ನಡೆ. ಆದರೆ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ಕಿಟಕಿಯತ್ತ ಮುಖ ತಿರುಗಿಸಿ ನಿಲ್ಲುವುದನ್ನು ಕಂಡ ಮಗುವಿಗೆ, ಸತ್ಯದ ಮೇಲೆ ವಾರಕ್ಕೆ ಎರಡು ಪಿರಿಯಡ್ ಪಾಠ ಮಾಡಿ ಯಾವ ಪ್ರಯೋಜನ?

ಇದು ಬರೀ ಊಹೆಯ ಮಾತಲ್ಲ. ಅಮೆರಿಕದಲ್ಲಿ ಹ್ಯೂ ಹಾರ್ಟ್‌ಶಾರ್ನ್ ಮತ್ತು ಮಾರ್ಕ್ ಮೇ ಸುಮಾರು 11 ಸಾವಿರ ಮಕ್ಕಳನ್ನು ಪರೀಕ್ಷಿಸಿ 1928ರಿಂದ 1930ರವರೆಗೆ ಮೂರು ಸಂಪುಟ ಪ್ರಕಟಿಸಿದರು. ತರಗತಿ, ಆಟ, ಮನೆಗೆಲಸ ಹೀಗೆ ಬೇರೆಬೇರೆ ಸಂದರ್ಭಗಳಲ್ಲಿ ಮೋಸಕ್ಕೆ ಅವಕಾಶ ಕೊಟ್ಟು ಮಕ್ಕಳ ನಡತೆ ಗಮನಿಸಿದರು. ಒಂದೆಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದೆಡೆಯೂ ಹಾಗೇ ಇರುತ್ತದೆ ಎನ್ನುವಂತಿರಲಿಲ್ಲ. ಪ್ರಾಮಾಣಿಕತೆಯ ಬಗ್ಗೆ ಮಗುವಿಗೆ ಎಷ್ಟು ತಿಳಿದಿದೆ ಎನ್ನುವುದಕ್ಕೂ ಅದು ಹೇಗೆ ನಡೆದುಕೊಳ್ಳುತ್ತದೆ ಎನ್ನುವುದಕ್ಕೂ ನಂಟು ತೀರಾ ತೆಳುವಾಗಿತ್ತು. ಸಂದರ್ಭ, ಜೊತೆಗಾರರು, ತರಗತಿಯ ವಾತಾವರಣ ಹೆಚ್ಚು ಪ್ರಭಾವ ಬೀರುತ್ತಿದ್ದವು. ಹೀಗಿರುವಾಗ ಕಥೆಯ ಕೊನೆಗೆ ‘ನೀತಿ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೆ ಅದು ಪ್ರಶ್ನೋತ್ತರಕ್ಕೆ ಒದಗೀತು, ನಡತೆಗೆ ಇಳಿಯಲಿಕ್ಕಿಲ್ಲ.

ಹಾಗಾದರೆ ಮೌಲ್ಯಶಿಕ್ಷಣವೇ ಬೇಡವೇ? ಬೇಕು. ಆದರೆ ಅದು ಶಿಕ್ಷಕರ ಕೊಠಡಿಯಿಂದ, ಮನೆಯ ಜಗಲಿಯಿಂದ ಶುರುವಾಗಬೇಕು. 1966ರಲ್ಲಿ ಶಿಕ್ಷಣ ತಜ್ಞ ಲೂಯಿ ರಾಥ್ಸ್ ಮತ್ತು ಸಂಗಡಿಗರು ಮೌಲ್ಯವನ್ನು ಗುರುತಿಸಲು ಏಳು ಒರೆಗಳನ್ನು ಹೇಳಿದರು. ಅವುಗಳ ತಿರುಳು ಇಷ್ಟು: ಬೇರೆ ದಾರಿಗಳೂ ಇದ್ದಾಗ ಪರಿಣಾಮ ಯೋಚಿಸಿ ನೀವೇ ಆರಿಸಿಕೊಂಡದ್ದೇ? ನಾಲ್ಕು ಜನರೆದುರು ಹೇಳಲು ಸಿದ್ಧರಿದ್ದೀರಾ? ಅದರಂತೆ ನಡೆಯುತ್ತೀರಾ, ಮತ್ತೆ ಮತ್ತೆ ನಡೆಯುತ್ತೀರಾ? ಇವುಗಳಲ್ಲಿ ಸೋತದ್ದು ಬರೀ ಆಸೆ ಅಥವಾ ಅಭಿಪ್ರಾಯ. ಒಬ್ಬ ಶಿಕ್ಷಕಿ ‘ಸಮಾನತೆ’ ಎಂದು ಹಾಳೆಯಲ್ಲಿ ಬರೆದುಕೊಂಡು, ಶೌಚಾಲಯ ತೊಳೆಯಲು ತಾನು ಯಾವ ಮಕ್ಕಳನ್ನು ಕಳಿಸುತ್ತೇನೆ ಎಂದು ನೆನೆದುಕೊಂಡರೆ ಒರೆ ತಾನಾಗಿ ನಡೆಯುತ್ತದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಅಂಥ ಕಡೆಯೂ ಗೋಡೆಯ ಮೇಲೆ ಸುಭಾಷಿತಕ್ಕೆ ಕೊರತೆ ಇರುವುದಿಲ್ಲ. ಪೋಷಕರಿಗೂ ಇದೇ ಒರೆ. ‘ಸುಳ್ಳು ಹೇಳಬೇಡ’ ಎನ್ನುವ ತಂದೆ, ಬಂದ ಫೋನಿಗೆ ‘ಅಪ್ಪ ಮನೇಲಿಲ್ಲ’ ಎಂದು ಹೇಳಿಸುವುದೂ ಮಗನಿಂದಲೇ.

ರಾಥ್ಸ್ ದಾರಿಗೆ ಒಂದು ಆಕ್ಷೇಪ ಇದ್ದೇ ಇದೆ: ಅವರವರ ಆಯ್ಕೆಯೇ ಮೌಲ್ಯವಾದರೆ ಕೆಟ್ಟದ್ದನ್ನು ಆರಿಸಿಕೊಂಡವನಿಗೆ ಏನು ಹೇಳುವುದು? ಆಕ್ಷೇಪ ಸರಿಯಾದದ್ದೇ. ಅದಕ್ಕೆ ನಮ್ಮಲ್ಲಿ ಉತ್ತರವೂ ಇದೆ. ಸಮಾನತೆ, ವ್ಯಕ್ತಿಯ ಘನತೆ, ಭ್ರಾತೃತ್ವ ಸಂವಿಧಾನದ ಪೀಠಿಕೆಯಲ್ಲಿವೆ. ಅಸ್ಪೃಶ್ಯತೆಯನ್ನು 17ನೇ ವಿಧಿ ರದ್ದುಮಾಡಿದೆ. ಅದು ಯಾರ ವೈಯಕ್ತಿಕ ಆಯ್ಕೆಯೂ ಅಲ್ಲ. ಈ ನೆಲಗಟ್ಟಿನ ಮೇಲೆ ನಿಂತು ಮಕ್ಕಳು ವಾದ ಮಾಡಲಿ. ವಿಷಯ ಹುಡುಕಿಕೊಂಡು ಹೋಗಬೇಕಿಲ್ಲ, ಬಿಸಿಯೂಟದ ಸಾಲಿನಲ್ಲೇ ಇದೆ. ಮೊಟ್ಟೆ ತಿನ್ನುವ ಮಗು, ಬಾಳೆಹಣ್ಣು ತಿನ್ನುವ ಮಗು ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಮೊಟ್ಟೆ ಬೇಡವೆನ್ನುವ ಹಕ್ಕು ಒಬ್ಬರಿಗಿದ್ದರೆ, ಪಕ್ಕದವರ ಎಲೆಯಿಂದ ಅದನ್ನು ತೆಗೆಸುವ ಹಕ್ಕೂ ಇದೆಯೇ? ಊರ ಹಿರಿಯರು ಜಗಳವಾಡಿದ ಈ ಪ್ರಶ್ನೆಯನ್ನು ಆರನೇ ತರಗತಿಯ ಮಕ್ಕಳು ಬಹುಶಃ ನಮಗಿಂತ ಹದವಾಗಿ ಬಿಡಿಸಿಯಾರು. ಅದಕ್ಕೆ ಅಂಕ ಬೇಡ, ಗೈಡ್ ಬೇಡ. ತಾಳ್ಮೆಯಿಂದ ಕೇಳಿಸಿಕೊಳ್ಳುವ, ‘ನನಗೂ ಗೊತ್ತಿಲ್ಲ, ಯೋಚಿಸೋಣ’ ಎನ್ನಬಲ್ಲ ಶಿಕ್ಷಕರು ಬೇಕು. ಅಂಥವರನ್ನು ತಯಾರು ಮಾಡುವುದು ಪಠ್ಯ ಅಚ್ಚು ಹಾಕುವುದಕ್ಕಿಂತ ಕಷ್ಟ. ಆದ್ದರಿಂದಲೇ ಸರ್ಕಾರಗಳಿಗೆ ಪುಸ್ತಕ ಪ್ರಿಯ.

ಇಲಾಖೆಗೆ ನಿಜವಾಗಿ ಮನಸ್ಸಿದ್ದರೆ ತನ್ನದೇ ಮೌಲ್ಯಗಳ ಆತ್ಮಾವಲೋಕನದಿಂದ ಆರಂಭಿಸಲಿ. ಫಲಿತಾಂಶದ ದಿನ ಜಿಲ್ಲೆಗಳಿಗೆ ಮೊದಲನೆಯದು, ಕೊನೆಯದು ಎಂದು ಸ್ಥಾನ ಹಂಚುವ ಪಟ್ಟಿಯನ್ನೇ ತೆಗೆದುಕೊಳ್ಳಿ. ಅಧಿಕಾರಿಯಿಂದ ಮುಖ್ಯ ಶಿಕ್ಷಕರಿಗೆ, ಅವರಿಂದ ಕೊಠಡಿಯ ಮೇಲ್ವಿಚಾರಕರಿಗೆ ಇಳಿದು ಬರುವ ಒತ್ತಡಕ್ಕೆ ಆ ಪಟ್ಟಿಯೂ ಒಂದು ಮೂಲ. ಯಾವ ಜಿಲ್ಲೆಗೆ ಏನು ನೆರವು ಬೇಕೆಂದು ಇಲಾಖೆ ಒಳಗೇ ಲೆಕ್ಕ ಹಾಕಿಕೊಳ್ಳಲಿ, ಸ್ಥಾನ ಸಾರುವುದನ್ನು ಬಿಡಲಿ. ಇದಕ್ಕೆ ಹೊಸ ಪಠ್ಯವೂ ಬೇಡ, ಸಮಿತಿಯೂ ಬೇಡ, ಒಂದು ಸುತ್ತೋಲೆ ಸಾಕು. ಅದನ್ನೂ ಹೊರಡಿಸಲಾಗದಿದ್ದರೆ ಪ್ರಾಮಾಣಿಕತೆಗಿಂತ ಶೇಕಡಾವಾರು ದೊಡ್ಡದು ಎಂದು ಇಲಾಖೆಯೇ ಒಪ್ಪಿಕೊಂಡಂತೆ. ಆಮೇಲೆ ಮಕ್ಕಳನ್ನು ಕೂರಿಸಿ ನೀತಿ ಹೇಳುವ ಅರ್ಹತೆ ಅದಕ್ಕೆ ಉಳಿಯುವುದಿಲ್ಲ.