‘ಸಬರ್ ಮಾಡು’ ಅನ್ನುವವರಿಗೆ

‘ಸಬರ್ ಮಾಡು’ ಎಂಬ ಮಾತಿನ ಮೇಲೆ ನನಗೆ ತಕರಾರಿಲ್ಲ. ಅದನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ಎಂಬುದರ ಮೇಲಿದೆ. ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಫೋನ್ ಸದ್ದು ಮಾಡಿದರೆ ಕೈ ನಡುಗುತ್ತದೆ ಎಂದು ಹೇಳಿಕೊಂಡವರಿಗೆ ನಮ್ಮಲ್ಲಿ ಸಿಗುವ ಮೊದಲ ಉತ್ತರ ಇದು. ಎರಡನೆಯದು, ‘ನಿನಗೆ ಈಮಾನ್ ಕಡಿಮೆಯಾಗಿದೆ’. ಮೂರನೆಯದು, ‘ಯಾರದ್ದೋ ಕಣ್ಣು ತಾಗಿದೆ, ಒಂದು ನೂಲು ಕಟ್ಟಿಸು’. ನಿನ್ನ ಮೇಲೆ ಯಾವ ಭಾರ ಬಿದ್ದಿದೆ, ಅದರಲ್ಲಿ ನಾವು ಹೊರಿಸಿದ್ದು ಎಷ್ಟು ಎಂದು ಕೇಳುವವರು ಮಾತ್ರ ಇಲ್ಲ.

ನಾನು ಕರಾವಳಿಯವನು. ಹದಿನೈದು ವರ್ಷಗಳಿಂದ ಆದವಾನಿಯಲ್ಲಿ ಹತ್ತಿ ವ್ಯಾಪಾರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಇಲ್ಲಿನ ಕನ್ನಡದವರು ಇದನ್ನು ಗಾಬರಿ ಅನ್ನುತ್ತಾರೆ, ತೆಲುಗಿನವರು ಕಂಗಾರು, ಉರ್ದುವಿನವರು ಘಬ್ರಾಹಟ್. ಊರಿಗೆ ಫೋನ್ ಮಾಡಿದರೆ ನಮ್ಮವರು ‘ಟೆನ್ಷನ್’ ಅನ್ನುತ್ತಾರೆ. ಹೆಸರು ಯಾವುದೇ ಇರಲಿ, ನಾನು ಕಂಡ ಬಹಳಷ್ಟು ಗಾಬರಿಗಳ ಬುಡದಲ್ಲಿ ‘ಇಲ್ಲ’ ಎನ್ನಲಾಗದ ಒಂದು ಸಂಬಂಧ ಇರುತ್ತದೆ.

ಹತ್ತಿ ಮಾರುಕಟ್ಟೆಯನ್ನೇ ನೋಡಿ. ಕೂಗಿದ ದರ ಹಿಡಿಸದಿದ್ದರೆ ರೈತ ಬೇಡ ಎಂದು ಮಾಲು ವಾಪಸ್ ಒಯ್ಯಬಹುದು. ಅದು ಅವನ ಹಕ್ಕು. ಆದರೆ ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಮದುವೆಗೆ ಎಂದು ಮೊದಲೇ ದಲಾಲರಿಂದ ಮುಂಗಡ ತಂದವನಿಗೆ ಆ ಹಕ್ಕು ಕಾಗದದಲ್ಲಿ ಮಾತ್ರ. ಅವನು ಯಾರ ಮುಖವನ್ನೂ ನೋಡದೆ ತಲೆಯಾಡಿಸುತ್ತಾನೆ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಹಳ್ಳಿಗಳಿಂದ ಕುಟುಂಬ ಕುಟುಂಬವೇ ಗುಂಟೂರಿನ ಕಡೆ ಮೆಣಸಿನಕಾಯಿ ಕೀಳಲು ಹೊರಡುತ್ತದೆ. ಅವರಿಗೆ ‘ಆತ್ಮವಿಶ್ವಾಸ ಬೆಳೆಸಿಕೊಳ್ಳಿ’ ಎಂದು ಭಾಷಣ ಮಾಡುವುದು ಹಸಿದವನಿಗೆ ಅಡುಗೆ ಪುಸ್ತಕ ಕೊಟ್ಟ ಹಾಗೆ.

ನಮ್ಮವರ ಕಥೆ ಬೇರೆಯೇನಲ್ಲ. ದಮ್ಮಾಮಿನಲ್ಲಿ ಎಂಟು ಜನರ ರೂಮಿನಲ್ಲಿ ಮಲಗುವ ಹುಡುಗನಿಗೆ ಊರಿನಿಂದ ಪಟ್ಟಿ ಹೋಗುತ್ತಲೇ ಇರುತ್ತದೆ: ತಂಗಿಯ ಮದುವೆ, ಮಾವನ ಆಪರೇಷನ್, ಕಾಕನ ಮಗನಿಗೆ ವೀಸಾ, ಮನೆಗೆ ಇನ್ನೊಂದು ಮಾಳಿಗೆ. ಕೊಟ್ಟಷ್ಟು ದಿನ ಅವನು ‘ಪಾಪದವ’. ಒಮ್ಮೆ ಆಗುವುದಿಲ್ಲ ಎಂದರೆ ‘ದೊಡ್ಡ ಜನ ಆಗಿದ್ದಾನೆ’. ಮನೆಯ ಸೊಸೆಗೂ ಇದೇ ತಕ್ಕಡಿ. ಜ್ವರ ಬಂದ ದಿನವೂ ಇಪ್ಪತ್ತು ಜನ ನೆಂಟರಿಗೆ ಬಿರಿಯಾನಿ ಮಾಡಿದರೆ ಒಳ್ಳೆಯ ಹೆಂಗಸು. ಇಂಥ ಹೊಗಳಿಕೆಯಿಂದಲೇ ತನ್ನ ಬೆಲೆ ಅಳೆದುಕೊಳ್ಳಲು ಕಲಿತವರು ಜೀವನವಿಡೀ ಬೇರೆಯವರ ಮುಖ ಓದುತ್ತಾ ಬದುಕುತ್ತಾರೆ.

ಜಾಮೀನು ಸಹಿಯ ವಿಷಯ ಹೇಳಲೇಬೇಕು. ‘ಬರೀ ಒಂದು ಸಹಿ, ಹೆಸರಿಗೆ ಮಾತ್ರ’ ಎನ್ನುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅಸಲು, ಬಡ್ಡಿ ಎಲ್ಲ ಸೇರಿ. ಅಂದರೆ ‘ಇಲ್ಲ’ ಎನ್ನುವವನು ತನ್ನ ಮಕ್ಕಳ ಅನ್ನವನ್ನು ಕಾಯುತ್ತಿದ್ದಾನೆ. ಅವನನ್ನು ಕಲ್ಲೆದೆಯವನು ಅನ್ನುವವರು ಕಂತು ತಪ್ಪಿದ ದಿನ ಅವನ ಪಕ್ಕದಲ್ಲಿ ಇರುವುದಿಲ್ಲ.

ಗಾಬರಿ ಬೆಳೆಯುವ ಒಂದು ರೀತಿಯೂ ಇದೇ. ‘ಹೂಂ’ ಅಂದ ತಕ್ಷಣ ಎದೆ ಹಗುರಾಗುತ್ತದೆ, ಎದುರಿನವರ ಮುಖ ಅರಳುತ್ತದೆ. ಮನಸ್ಸು ಅದನ್ನು ಪಾಠ ಮಾಡಿಕೊಳ್ಳುತ್ತದೆ: ಹೂಂ ಅಂದರೆ ಹೆದರಿಕೆ ಹೋಗುತ್ತದೆ. ಮುಂದಿನ ಸಲ ‘ಇಲ್ಲ’ ಎಂಬ ಮಾತು ಇನ್ನೂ ದೊಡ್ಡ ಭೂತವಾಗಿ ಕಾಣುತ್ತದೆ. ಹಾಗಾಗಿ ಚಿಕ್ಕದರಿಂದ ಆರಂಭಿಸಬೇಕು. ‘ನಾಳೆ ಹೇಳುತ್ತೇನೆ’ ಎಂದು ಒಂದು ರಾತ್ರಿ ಕೇಳಿ ಪಡೆಯಿರಿ. ಎಷ್ಟು ಕೊಡಬಲ್ಲೆ ಎಂದು ಮೊದಲೇ ಬರೆದಿಡಿ. ಸುಳ್ಳು ನೆಪ ಹೇಳಬೇಡಿ; ನೆಪವನ್ನು ಯಾರಾದರೂ ಬಗೆಹರಿಸಿಬಿಟ್ಟರೆ ಮತ್ತೆ ಸಿಕ್ಕಿಬೀಳುತ್ತೀರಿ. ‘ನನ್ನಿಂದ ಆಗುವುದಿಲ್ಲ’ ಸಾಕು.

‘ಇದೆಲ್ಲ ಪಾಶ್ಚಾತ್ಯರ ಸ್ವಾರ್ಥ’ ಎನ್ನುವವರು ಇದ್ದಾರೆ. ಅವರಿಗೆ ನಮ್ಮದೇ ಕಿತಾಬುಗಳನ್ನು ನೆನಪಿಸುತ್ತೇನೆ. ಹಗಲು ಉಪವಾಸ, ರಾತ್ರಿ ನಮಾಝ್ ಎಂದು ಮನೆಯನ್ನೂ ಮೈಯನ್ನೂ ಮರೆತಿದ್ದ ಅಬುದ್ದರ್ದಾರಿಗೆ ಸಲ್ಮಾನುಲ್ ಫಾರಿಸೀ ಹೇಳಿದ್ದು, ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ, ಮನೆಯವರಿಗೂ ಇದೆ ಎಂದು. ಸಲ್ಮಾನ್ ಹೇಳಿದ್ದು ಸರಿ ಎಂದರು ಪ್ರವಾದಿಯವರು. ಚಿಂತೆ, ದುಃಖಗಳಿಂದ ರಕ್ಷಣೆ ಬೇಡುವ ದುಆದಲ್ಲೇ ಸಾಲದ ಹೊರೆಯಿಂದ, ಜನರ ದಬ್ಬಾಳಿಕೆಯಿಂದಲೂ ರಕ್ಷಣೆ ಬೇಡಲಾಗಿದೆ. ನಾವು ಆ ದುಆವನ್ನು ಓದುತ್ತೇವೆ, ಹೊರಗೆ ಬಂದು ಹೊರೆಯನ್ನೂ ದಬ್ಬಾಳಿಕೆಯನ್ನೂ ನಾವೇ ಹೊರಿಸುತ್ತೇವೆ. ‘ಈಮಾನ್ ಕಡಿಮೆ’ ಎನ್ನುವವರು 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿಯನ್ನು ಕೇಳಬೇಕು. ದೇಹದಂತೆ ಮನಸ್ಸೂ ಕಾಯಿಲೆ ಬೀಳುತ್ತದೆ ಎಂದು, ಭಯವನ್ನೂ ದುಃಖವನ್ನೂ ಬೇರೆ ಬೇರೆಯಾಗಿ ವಿವರಿಸಿ ಬರೆದ ವಿದ್ವಾಂಸ ಅವರು.

ವೈದ್ಯರ ಹತ್ತಿರ ಹೋಗುವುದನ್ನು ಅವಮಾನ ಎನ್ನುವ ಈ ಸೀಮೆಗೆ ಒಂದು ಹಳೆಯ ನೆಂಟಸ್ತಿಕೆಯನ್ನು ನೆನಪಿಸಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದವಾನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅದೇ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಊರಿನ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿ ತೋರಿಸಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಬಳ್ಳಾರಿಯೇ. ಆದರೂ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡದ್ದು, ನೂರು ವಯಸ್ಕರಲ್ಲಿ ಹತ್ತಕ್ಕೂ ಹೆಚ್ಚು ಮಂದಿಗೆ ಮನಸ್ಸಿನ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಇಲ್ಲ ಎಂದು. ವಾರಗಟ್ಟಲೆ ನಿದ್ದೆ ಕೆಟ್ಟು ಕೆಲಸ ನಿಂತರೆ ವೈದ್ಯರನ್ನು ಕಾಣಿ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಖರ್ಚಿಲ್ಲ, ಹಗಲು ರಾತ್ರಿ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ಆದರೆ ನನ್ನ ಮುಖ್ಯ ಜಗಳ ಗಾಬರಿಗೊಂಡವರ ಜೊತೆಗಲ್ಲ. ಮುಂಗಡ ಕೊಟ್ಟ ದಲಾಲರು, ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜ್ ಕಳಿಸುವ ಧಣಿಗಳು, ಪಟ್ಟಿ ಕಳಿಸುವ ಮನೆಯವರು, ಸಹಿ ಕೇಳುವ ನೆಂಟರು, ಜಮಾಅತಿನ ಹಿರಿಯರು, ಇವರ ಜೊತೆ. ‘ಇಲ್ಲ’ ಎನ್ನುವ ಧೈರ್ಯವನ್ನು ಬಡವರಿಂದ, ಹೆಂಗಸರಿಂದ, ಕಿರಿಯರಿಂದ ಮಾತ್ರ ನಿರೀಕ್ಷಿಸಬೇಡಿ. ಯಾರಾದರೂ ‘ಆಗುವುದಿಲ್ಲ’ ಎಂದರೆ ‘ಸರಿ’ ಅನ್ನಿ, ಕಾರಣ ಕೇಳಬೇಡಿ, ನಾಲ್ಕು ಜನರ ಮುಂದೆ ಆಡಿಕೊಳ್ಳಬೇಡಿ. ಕೇಳಿದ್ದು ಸಿಗದಾಗ ತಡೆದುಕೊಳ್ಳುವುದಕ್ಕೂ ಸಬರ್ ಬೇಕು. ಅದನ್ನು ಮೊದಲು ನೀವು ಮಾಡಿ.